ಹೂವು ಉದುರಿಸಿದವರಿಗೆ

ತೇಲುಕೇರಿ, ಕಾರವಾರ
೨೩೬೮ನೇ ಇಸವಿ, ಸೆಪ್ಟೆಂಬರ್ ೩೧

ಹಿಂದಿನವರೇ,

ನಿಮ್ಮ ಕಾಲದಲ್ಲಿ ಸೆಪ್ಟೆಂಬರ್ ಮೂವತ್ತಕ್ಕೇ ಮುಗಿಯುತ್ತಿತ್ತಂತೆ, ನಮ್ಮಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ಕೆಲವು ಪದಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ಇಲ್ಲಿಂದ ಮುಂದೆ ಕ್ಷಮೆ ಕೇಳಬೇಕಾದವರು ನೀವು.

ನಾನು ತುಳಸು ಹರಿಕಂತ್ರ, ಜಾಡುಗಾರ್ತಿ. ಯಾವುದಾದರೂ ಜಾಲಪುಟ ತೆರೆಯಲು ತಡವಾದರೆ ಕಾರಣವಾದ ಸ್ಕ್ರಿಪ್ಟ್, ಅಂದರೆ ಪುಟದೊಳಗಿನ ಆಜ್ಞೆಗಳ ತುಣುಕು, ಯಾವುದು, ಅದನ್ನು ಕೆಲಸಕ್ಕೆ ಕರೆದದ್ದು ಯಾರು ಎಂದು ಹುಡುಕುವುದು ನನ್ನ ಕೆಲಸ. ನಮ್ಮ ಮನೆಗಳು ನೀರಿನ ಮೇಲಿವೆ. ಉಬ್ಬಸ ಬಂದವರಿಗೆ ಆಕ್ಸಿಜನ್ ತರುವ ಉಸಿರುದೋಣಿಯನ್ನು ಒಂದು ಪುಟದಿಂದಲೇ ಕರೆಯಬೇಕು. ಆ ಪುಟ ಒತ್ತಿದ ಮೇಲೆ ಹನ್ನೊಂದು ಸೆಕೆಂಡು ಮಿಸುಕಾಡುತ್ತಿರಲಿಲ್ಲ. ಗಾಬರಿಯಲ್ಲಿ ಯಾರು ತಾನೇ ಕಾಯುತ್ತಾರೆ? ಮತ್ತೆ ಒತ್ತುತ್ತಾರೆ, ಮತ್ತೆ ಒತ್ತಿದವರು ಸರದಿಯ ಕೊನೆಗೆ ಹೋಗುತ್ತಾರೆ. ನನ್ನ ಅತ್ತಿಗೆ ಗಿರಿಜೆ ಜುಲೈಯಲ್ಲಿ ಹಾಗೆ ಆರು ಸಲ ಒತ್ತಿದಳು. ದೋಣಿ ಬರುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟಿತ್ತು. ಹೇಗೋ ಬದುಕಿದಳು. ಇನ್ನೊಮ್ಮೆ ಹೀಗೆ ತಡವಾದರೆ ಕಷ್ಟ ಎಂದರು ವೈದ್ಯರು.

ನಿಗಾಪರದೆ, ಅಂದರೆ ಪುಟಗಳ ನಾಡಿ ನೋಡುವ ಫಲಕ, ತಡಮಾಡುವ ಸ್ಕ್ರಿಪ್ಟನ್ನು ಕೂಡಲೇ ತೋರಿಸಿತು. ಅದನ್ನು ಕರೆದದ್ದು ಯಾರೆಂದು ಮಾತ್ರ ಹೇಳಲಿಲ್ಲ. ಒಂದನ್ನು ಇನ್ನೊಂದು ಕರೆದಿತ್ತು, ಅದನ್ನು ಮತ್ತೊಂದು. ಹದಿನೇಳು ಮೆಟ್ಟಿಲು ಇಳಿದೆ. ಪ್ರತಿ ಮೆಟ್ಟಿಲಲ್ಲೂ ಯಾರೋ ಬರೆದಿಟ್ಟ ಅದೇ ಟಿಪ್ಪಣಿ: ‘ಯಾಕಿದೆ ಗೊತ್ತಿಲ್ಲ, ಮುಟ್ಟಬೇಡಿ.’ ತಲೆ ಚಚ್ಚಿಕೊಳ್ಳುವಂತಾಯಿತು. ತಳದಲ್ಲಿ ಸಿಕ್ಕಿದ್ದು ನಿಮ್ಮ ಆಯುಧಪೂಜೆ! ಕಂಪ್ಯೂಟರಿಗೆ ಕುಂಕುಮ ಹಚ್ಚಿದ್ದು ಸಾಲದೆ, ನಿಮ್ಮ ಪುಟದ ಮೇಲೂ ಚೆಂಡುಹೂವಿನ ಎಸಳು ಉದುರಲಿ ಎಂದು ಸ್ಕ್ರಿಪ್ಟ್ ಹಾಕಿದ್ದೀರಿ. ಆ ಹಳೆಯ ಪುಟದ ಮೇಲೇ ನಮ್ಮ ದೋಣಿಯ ಪುಟ ಕಟ್ಟಿದ್ದಾರೆ. ‘ಹಬ್ಬ ಮುಗಿದ ಮೇಲೆ ತೆಗೆಯುವುದು’ ಎಂದೂ ಬರೆದಿದ್ದೀರಿ. ಹೆಸರಿಲ್ಲ, ತಾರೀಖಿಲ್ಲ. ಹೂವಿನ ಚಿತ್ರ ಎಂದೋ ಅಳಿದುಹೋಗಿದೆ. ಸ್ಕ್ರಿಪ್ಟ್ ಮಾತ್ರ ಮುನ್ನೂರು ವರ್ಷದಿಂದ, ಪುಟ ತೆರೆದಾಗಲೆಲ್ಲ, ಅದಕ್ಕಾಗಿ ಹನ್ನೊಂದು ಸೆಕೆಂಡು ಕಾಯುತ್ತಾ ಬಂದಿದೆ. ಎಂಥ ಜನರಪ್ಪಾ ನೀವು!

ಕಿತ್ತುಹಾಕಿದೆ. ಹೋದ ವಾರ ಗಿರಿಜೆಗೆ ಮತ್ತೆ ಉಬ್ಬಸ ಬಂತು. ಒಂದೇ ಸಲ ಒತ್ತಿದಳು, ದೋಣಿ ಬಂತು. ಚೇತರಿಸಿಕೊಂಡ ಮೇಲೆ ಇಡೀ ಕಥೆ ಕೇಳಿ, ‘ಆ ಹೂ ಒಂದ್ಸಲ ಬೀಳ್ಸೆ ಮಾರಾಯ್ತಿ, ನೋಡ್ತೆ’ ಎಂದಳು. ಸಿಟ್ಟು ನೆತ್ತಿಗೇರಿತು. ಆದರೂ ಅವಳಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ದೋಣಿಯ ಪುಟದಲ್ಲಲ್ಲ, ಅವಳ ಮನೆಯ ಗೋಡೆಪರದೆಯ ಮೇಲೆ ಹಬ್ಬಕ್ಕೆಂದು ಎಸಳು ಉದುರಿಸಿದ್ದೇನೆ. ಸ್ಕ್ರಿಪ್ಟಿನ ಕೆಳಗೆ ಬರೆದಿದ್ದೇನೆ: ಹಾಕಿದವಳು ತುಳಸು, ಕೇಳಿದವಳು ಗಿರಿಜೆ, ವಿಜಯದಶಮಿಯ ಮರುದಿನ ತೆಗೆಯುವುದು.

ನೀವೂ ಇಷ್ಟು ಬರೆದಿದ್ದರೆ ಸಾಕಿತ್ತು. ಈ ಪತ್ರ ನಿಮ್ಮ ಕೈ ಸೇರಿದರೆ, ನಿಮ್ಮ ಹಬ್ಬ ಮುಗಿದಿದೆ ಎಂದು ತಿಳಿಯಿರಿ. ದಯವಿಟ್ಟು ಎದ್ದು ಹೋಗಿ ತೆಗೆಯಿರಿ.

ತುಳಸು