ಪಾತ್ರೆ ಮುಚ್ಚಳದ ಬಸ್ಸು

ಏಪ್ರಿಲ್ 20, ಮಧ್ಯಾಹ್ನ

ಮತ್ತೆ ಮುಚ್ಚಳ ಕಾಣೆ. ಅನ್ನದ ಪಾತ್ರೆಯ ದೊಡ್ಡ ಮುಚ್ಚಳ. ಹುಡುಕುವುದೇನು ಬಂತು, ನಡುಮನೆಯಲ್ಲಿ ಇವರ ಕೈಯಲ್ಲೇ ಇತ್ತು. ಸ್ಟಿಯರಿಂಗ್ ಅಂತೆ. ಊಟದ ಮೇಜಿನ ಕುರ್ಚಿಗಳೆಲ್ಲ ಸಾಲಾಗಿ ನಿಂತು ಬಸ್ಸಾಗಿವೆ. ಇವರು ಡ್ರೈವರ್. ಮೊಮ್ಮಗಳು ಕಂಡಕ್ಟರ್, ಏಳು ವರ್ಷಕ್ಕೇ ಏನು ಗದರುತ್ತಾಳೆ. ಅವಳ ತಮ್ಮ ಗುಂಡಣ್ಣ, ಇನ್ನೂ ನಾಲ್ಕು ತುಂಬಿಲ್ಲ, ಪ್ರಯಾಣಿಕ. ಇಳಿದು ಹತ್ತಿ, ಹತ್ತಿ ಇಳಿದು, ಒಬ್ಬನೇ ಬಸ್ಸು ತುಂಬಿಸುತ್ತಾನೆ.

ಆಗತಾನೆ ಗುಡಿಸಿ ಒರೆಸಿದ ನೆಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮಗಳು ರಜೆಗೆಂದು ಮಕ್ಕಳನ್ನು ಬಿಟ್ಟು ಹೋಗಿ ವಾರವಾಯಿತು. ಹಾಲು, ಸ್ನಾನ, ತಲೆ ಬಾಚುವುದು, ಊಟ, ಒದ್ದೆ ಚಡ್ಡಿ, ಮತ್ತೆ ಊಟ... ಎಲ್ಲ ನನ್ನ ಪಾಲು. ನಗು ಮಾತ್ರ ಅವರ ಪಾಲು. ಬಸ್ಸು ಓಡಿಸುತ್ತಿದ್ದಷ್ಟು ಕಾಲ, ಸ್ವಂತ ಮಕ್ಕಳು ಮಲಗಿದ ಮೇಲೆ ಮನೆಗೆ ಬರುತ್ತಿದ್ದ ಮನುಷ್ಯ. ಮಗಳಿಗೆ ಜ್ವರ ಬಂದರೆ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವಳು ನಾನು. ಈಗ ರಿಟೈರ್ ಆಗಿ ಕೂತು ಮೊಮ್ಮಕ್ಕಳಿಗೆ ದೊರೆ!

ಹೊಟ್ಟೆಕಿಚ್ಚು. ಹೌದು, ಹೊಟ್ಟೆಕಿಚ್ಚೇ. ಇಲ್ಲಿ ಯಾರು ಓದುತ್ತಾರೆ, ಬರೆದೇಬಿಡುತ್ತೇನೆ.

ಸಾಲದ್ದಕ್ಕೆ ಇವರಿಗೆ ದಿನಕ್ಕೊಂದು ಒಗೆದ ಟವೆಲ್. ಕುರ್ಚಿಯ ಮೇಲೆ ಬಿಸಾಡುವುದು. ಎತ್ತಿ ಬಕೆಟ್ಟಿಗೆ ಹಾಕಿದೆ.

ಏಪ್ರಿಲ್ 21, ಸಂಜೆ

ಮಗಳ ಫೋನು. ಇಬ್ಬರೂ ಕಿತ್ತಾಡಿಕೊಂಡು ಮಾತಾಡಿದರು. ತಾತ ಹಾರ್ನ್ ಹೊಡೆದರು, ತಾತ ರಿವರ್ಸ್ ತೆಗೆದರು, ತಾತ ಬ್ರೇಕ್ ಹಾಕಿದಾಗ ಅಕ್ಕ ಬಿದ್ದಳು. ಕೊನೆಗೆ ಮಗಳೇ ಕೇಳಿದಳು, ಅಜ್ಜಿ ಏನು ಮಾಡುತ್ತಾಳೆ ಎಂದು.

"ಅಜ್ಜಿ ಅಡುಗೆಮನೇಲಿ ಇರ್ತಾಳೆ," ಅಂದ ಗುಂಡಣ್ಣ.

ಫ್ರಿಜ್ ಎಲ್ಲಿದೆ ಎಂದು ಕೇಳಿದ್ದರೂ ಹೀಗೇ ಹೇಳುತ್ತಿದ್ದ. ಇವರು ಪಕ್ಕದಲ್ಲೇ ಕೂತು ಮುಗುಳ್ನಕ್ಕರು. ಮೈಯೆಲ್ಲ ಉರಿದುಹೋಯಿತು.

ಏಪ್ರಿಲ್ 24

ಎರಡು ದಿನ ಕೂತು ಹಳೆಯ ದಿಂಬಿನ ಕವರಿನಲ್ಲಿ ಗೊಂಬೆ ಹೊಲಿದೆ. ಕಣ್ಣಿಗೆ ಗುಂಡಿ, ಎರಡು ಜಡೆ. ಸುಳ್ಳೇಕೆ, ಗಾಳ ಹಾಕಿದ್ದೇ. ಗುಂಡಣ್ಣ ಕಣ್ಣರಳಿಸಿದ. ನನ್ನ ಕೆನ್ನೆಗೊಂದು ಮುತ್ತು ಕೊಟ್ಟ. ಗೆದ್ದೆ ಅಂದುಕೊಂಡೆ.

ಕೈ ತೊಳೆದು ಬರುವಷ್ಟರಲ್ಲಿ ಗೊಂಬೆಗೂ ಟಿಕೆಟ್ ಹರಿದಾಗಿತ್ತು! ನಾನು ಹೊಲಿದ ಗೊಂಬೆ ಅವರ ಬಸ್ಸಿನಲ್ಲಿ. ಅದೂ ಹೋಗಲಿ. ಗುಂಡಣ್ಣ ಅದನ್ನು ಡ್ರೈವರ್ ಹಿಂದಿನ ಕುರ್ಚಿಯಲ್ಲಿ ಕೂರಿಸಲು ಹೋದರೆ ಇವರು ಎತ್ತಿ ಕೊನೆಯ ಕುರ್ಚಿಗೆ ದಬ್ಬಿದರು. ಮುಂದಿನ ಸೀಟು ಖಾಲಿಯೇ ಇತ್ತು, ಟವೆಲ್ ಒಂದು ಬಿಟ್ಟರೆ. ನನ್ನ ಗೊಂಬೆಗೆ ಅಷ್ಟೂ ಮರ್ಯಾದೆ ಇಲ್ಲ. ಅವರೆದುರೇ ಟವೆಲ್ ಎಳೆದುಕೊಂಡು ಹೋಗಿ ಬಕೆಟ್ಟಿಗೆ ತುರುಕಿದೆ. ಇವರು ಮತ್ತೆ ಸ್ಟಿಯರಿಂಗ್ ತಿರುಗಿಸತೊಡಗಿದರು.

ಏಪ್ರಿಲ್ 27, ಮಧ್ಯಾಹ್ನ

ಮಾಡಬಾರದಿತ್ತೇನೋ. ಮಾಡಿದೆ.

ಮುಚ್ಚಳ ಕಿತ್ತುಕೊಂಡೆ. ಅಡುಗೆಗೆ ಬೇಕು, ಆಟಕ್ಕಲ್ಲ ಎಂದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬೇರೆ ಮುಚ್ಚಳ ಹುಡುಕಬಹುದಿತ್ತು, ಇವರು ಹುಡುಕಲಿಲ್ಲ. ಒಂದೊಂದೇ ಕುರ್ಚಿ ಎತ್ತಿ ಮೇಜಿನ ಸುತ್ತ ಇಟ್ಟರು. ಪೇಪರ್ ಹಿಡಿದು ಹೊರಗೆ ಕೂತರು. ಕಂಡಕ್ಟರಮ್ಮ ಮುಖ ಊದಿಸಿಕೊಂಡು ಅವರ ಹಿಂದೆಯೇ ಹೋದಳು.

ಗುಂಡಣ್ಣ ಮಾತ್ರ ನನ್ನ ಪಕ್ಕ ಬಂದು ಮಲಗಿದ. ಮೊದಲ ಸಲ. ಫ್ಯಾನಿನ ಕೆಳಗೆ, ನನ್ನ ತೋಳಿನ ಮೇಲೆ ತಲೆ. ಬೆವರಿದ ಕೂದಲು. ಬಾತುಕೋಳಿಯ ಕಥೆ ಶುರು ಮಾಡಿದೆ. ಎಷ್ಟು ಸಂತೋಷವಾಗಿತ್ತೆಂದರೆ, ತೋಳು ಜೋಮು ಹಿಡಿದರೂ ಅಲುಗಾಡಿಸಲಿಲ್ಲ.

ಕಥೆಯ ನಡುವೆ ಕೇಳಿದ:

"ಅಜ್ಜಿ, ನೀನ್ಯಾಕೆ ದಿನಾ ಟವೆಲ್ ತಗೊಂಡು ಹೋಗ್ತೀಯ?"

"ಒಗೆಯೋಕೆ ಕಣೋ."

"ಅದು ನಿನ್ ಸೀಟು. ತಾತ ಟವೆಲ್ ಹಾಕಿ ಹಿಡಿದಿರೋದು. ನಾನು ಕೂತ್ರೂ ಎಬ್ಬಿಸ್ತಾರೆ."

ಬಾತುಕೋಳಿ ಅಲ್ಲೇ ನಿಂತಿತು. ಅವನು ನಿದ್ದೆ ಹೋದ. ನನಗೆ ನಿದ್ದೆ ಎಲ್ಲಿಂದ?

ಮದುವೆಯಾದ ಹೊಸದರಲ್ಲಿ ತವರಿಗೆ ಇವರ ಬಸ್ಸಿನಲ್ಲೇ ಹೋಗುತ್ತಿದ್ದೆ. ಎಷ್ಟೇ ನೂಕುನುಗ್ಗಲಿದ್ದರೂ ಡ್ರೈವರ್ ಹಿಂದಿನ ಸೀಟಿನಲ್ಲಿ ಇವರ ಟವೆಲ್ ಇರುತ್ತಿತ್ತು. ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ನನ್ನ ಸೀಟನ್ನು ಇಷ್ಟು ದಿನ ನಾನೇ ಸೋಪು ಹಾಕಿ ಒಗೆದೆ!

ಬಾಯಿ ಬಿಟ್ಟು ಕರೆದಿದ್ದರೆ ಗಂಟೇನು ಹೋಗುತ್ತಿತ್ತು ಈ ಮನುಷ್ಯನದು? ಮೊದಲ ದಿನ ಬಾ ಅಂದಿದ್ದರಂತೂ ನಿಜ. ಒಲೆ ಮೇಲೆ ಹಾಲಿದೆ ಅಂದಿದ್ದೆ.

ಏಪ್ರಿಲ್ 28, ಬೆಳಗ್ಗೆ

ನಾಳೆ ಮಗಳು ಬರುತ್ತಾಳೆ, ಕರೆದುಕೊಂಡು ಹೋಗುತ್ತಾಳೆ. ಎದ್ದ ಕೂಡಲೇ ಕಪಾಟಿನ ಬೀಗ ತೆಗೆದೆ. ಮುಚ್ಚಳವನ್ನು ಇವರ ಕಾಫಿ ಲೋಟದ ಪಕ್ಕ ಇಟ್ಟೆ. ಇವರು ಕಾಫಿ ಗಟಗಟನೆ ಕುಡಿದು ಎದ್ದರು.

ಹೊಟ್ಟೆಕಿಚ್ಚು ಹೋಯಿತೇ? ಎಲ್ಲಿ ಹೋಗುತ್ತದೆ. ಅವರು ಡ್ರೈವರ್, ನಾನು ಬರೀ ಪ್ಯಾಸೆಂಜರ್. ಒಂದು ಟ್ರಿಪ್ಪಾದರೂ ಸ್ಟಿಯರಿಂಗ್ ನನಗೆ ಕೊಡಲೇಬೇಕು, ಕೇಳಿಯೇ ತೀರುತ್ತೇನೆ. ಗುಂಡಣ್ಣ ನನ್ನ ತೊಡೆಯ ಮೇಲೇ ಕೂರಬೇಕು, ಅದೂ ಖಂಡಿತ.

ಕುರ್ಚಿ ಎಳೆಯುವ ಸದ್ದು. ಇಲ್ಲಿಂದಲೇ ಕಾಣುತ್ತಿದೆ, ಮುಂದಿನ ಕುರ್ಚಿಯ ಮೇಲೆ ನೀಲಿ ಟವೆಲ್. ನಿನ್ನೆ ರಾತ್ರಿ ಒಗೆದದ್ದು, ಇನ್ನೂ ಸರಿಯಾಗಿ ಒಣಗಿಲ್ಲ. ಗುಂಡಣ್ಣ ಅದರ ಪಕ್ಕ ಕಾವಲು ನಿಂತಿದ್ದಾನೆ. ಒಲೆ ಮೇಲೆ ಹಾಲಿದೆ... ಆರಿಸಿ ಹೋಗುತ್ತೇನೆ. ಹಾರ್ನ್ ಹೊಡೆಯುತ್ತಿದ್ದಾರೆ. ಬಂದೆ ಇರಿ, ಬಂ—