ಮಾತಿಲ್ಲದ ಪಾಠ

ಮನೆಯಿಂದ,
ಆಗಸ್ಟ್ ೧೭, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಗಂಟಲಿನ ಆಪರೇಷನ್ನಿನ ಗಾಯ ಪೂರ್ತಿ ಮಾಗಿದೆ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಆದರೆ ಧ್ವನಿ ಮೊದಲಿನಂತೆ ಬರುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ ಮೇಲೆ ಬದುಕೆಲ್ಲ ಒಂದನೇ ತರಗತಿಗೆ ಪಾಠ ಹೇಳಿದ ನೀನು ಪಿಸುಮಾತನ್ನೂ ಬಿಟ್ಟು ಸುಮ್ಮನೆ ಕೂತುಬಿಡುತ್ತೀಯಂತೆ. ಊಟವನ್ನಾದರೂ ಸರಿಯಾಗಿ ಮಾಡುತ್ತಿದ್ದೀಯಾ? ಅತ್ತಿಗೆಗೆ ಚಿಂತೆ ಹತ್ತಿಸಬೇಡ, ಅವಳು ಮೊದಲೇ ಪುಕ್ಕಲಿ. ಫೋನಿನಲ್ಲಿ ನಾನೊಬ್ಬಳೇ ವಟವಟ ಅಂದು, ಆ ಕಡೆ ನಿನ್ನ ಉಸಿರನ್ನಷ್ಟೇ ಕೇಳಿ ಇಟ್ಟುಬಿಡುವುದು ನನ್ನಿಂದಾಗದು. ಅದಕ್ಕೇ ಈ ಕಾಗದ. ಇಲ್ಲಿ ನಾವಿಬ್ಬರೂ ಸರಿಸಮ. ಈ ಕಡೆ ಎಲ್ಲ ಕ್ಷೇಮ. ನಿನ್ನ ಅಳಿಯ ಅಡುಗೆಮನೆಯ ನಲ್ಲಿ ತಾವೇ ರಿಪೇರಿ ಮಾಡುತ್ತೇನೆಂದು ಹೊರಟು ನಡುಮನೆಯವರೆಗೂ ನೀರು ಹರಿಸಿದರು. ಪ್ಲಂಬರ್ ಬಂದು "ಇದಕ್ಕೆ ಕೈ ಹಾಕಿದ ಪುಣ್ಯಾತ್ಮ ಯಾರು?" ಎಂದು ಕೇಳಿದಾಗ ಇವರು ಪೇಪರಿನ ಹಿಂದೆ ಅಡಗಿದ್ದರು.

ಈಗ ಶಾಲೆಯ ಸುದ್ದಿ. ಈ ವರ್ಷದ ನನ್ನ ಆರನೇ ತರಗತಿ ಸಂತೆಯೇ ಸರಿ. ಮಧ್ಯಾಹ್ನದ ಹೊತ್ತಿಗೆ ಕೂಗಿ ಕೂಗಿ ನನ್ನ ಗಂಟಲು ಒಡೆದ ಕೊಳವೆಯಂತಾಗುತ್ತಿತ್ತು, ಭಿನ್ನರಾಶಿ ಮಾತ್ರ ಯಾರ ತಲೆಗೂ ಹತ್ತುತ್ತಿರಲಿಲ್ಲ. ಅದೇ ತರಗತಿಯಲ್ಲಿ ಕೊನೆಯ ಬೆಂಚಿನ ಒಬ್ಬಳು ಹುಡುಗಿ ಇದ್ದಾಳೆ. ಮಾತು ತೊದಲುತ್ತದೆ. ಪ್ರಶ್ನೆ ಕೇಳಿದರೆ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು, ಮಿಕ್ಕವರು ನಗುವಷ್ಟರಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದಳು. ಮೌಖಿಕ ಪರೀಕ್ಷೆಯಲ್ಲಿ ಸೊನ್ನೆ. ಅವಳನ್ನು ಮತ್ತೆ ಐದನೇ ತರಗತಿಯಲ್ಲಿ ಕೂರಿಸುವುದೆಂದು ನಮ್ಮ ದೊಡ್ಡ ಟೀಚರು ತೀರ್ಮಾನಿಸಿ, ತಂದೆ ತಾಯಿಗೆ ಹೇಳಿಯೂ ಆಗಿತ್ತು. ನನಗೂ ಬೇರೆ ದಾರಿ ಕಂಡಿರಲಿಲ್ಲ ಅಮ್ಮಾ.

ಆ ದಿನಗಳಲ್ಲೇ ಬೇರೆ ಊರಿನ ಗಣಿತದ ಮೇಷ್ಟ್ರೊಬ್ಬರ ಬ್ಲಾಗ್ ಕಣ್ಣಿಗೆ ಬಿತ್ತು. ತಮ್ಮ ತರಗತಿಯಲ್ಲಿ ನಡೆದದ್ದನ್ನು ವಾರಕ್ಕೊಮ್ಮೆ ಬರೆಯುತ್ತಾರೆ. ಇಂಥವನ್ನು ನಾನು ಹಿಂದೆಯೂ ಓದಿದ್ದೆ, ಓದಿದ್ದೆಲ್ಲ ಅಮೃತವಲ್ಲ. ಒಬ್ಬರು ಬರೆದಂತೆ ಬೆಂಚುಗಳನ್ನು ದುಂಡಗೆ ಜೋಡಿಸಿ, ಮಕ್ಕಳು ಪಾಠ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿ ಕಿಸಿಕಿಸಿ ನಕ್ಕಿದ್ದೇ ಬಂತು. ಈ ಮೇಷ್ಟ್ರು ಹಿಡಿಸಿದ್ದು ತಾವು ಎಡವಿದ್ದನ್ನೂ ಮುಚ್ಚಿಡದೆ ಬರೆಯುತ್ತಿದ್ದುದರಿಂದ. ಒಂದು ವಾರ ಅವರು 'ಬಾಯಿ ಮುಚ್ಚಿಕೊಂಡು ಮಾಡಿದ ಪಾಠ' ಎಂದು ಬರೆದಿದ್ದರು. ಇಡೀ ಪಾಠದಲ್ಲಿ ಯಾರೂ ಮಾತಾಡುವಂತಿಲ್ಲ, ಮೇಷ್ಟ್ರೂ ಕೂಡ. ಬೋರ್ಡಿನ ಮೇಲೆ ಚಿತ್ರ ಬರೆಯುವುದು, ಮುಂದಿನದನ್ನು ಖಾಲಿ ಬಿಟ್ಟು ಮಕ್ಕಳ ಕಡೆ ಚಾಕ್‌ಪೀಸ್ ಚಾಚುವುದು. ಸರಿಯಾದರೆ ಒಂದು ನಗುಮುಖ, ತಪ್ಪಾದರೆ ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ, ಅಷ್ಟೆ.

ಮರುದಿನವೇ ಮಾಡಿ ನೋಡಿದೆ, ನೆಲಕಚ್ಚಿತು. ಬುದ್ಧಿವಂತರು ನಾಲ್ವರು ಚಾಕ್‌ಪೀಸಿಗೆ ಕಿತ್ತಾಡಿದರು, ಮಿಕ್ಕವರು ಅವರನ್ನು ಹುರಿದುಂಬಿಸಿದರು, ಕೊನೆಗೆ ನಾನೇ "ಕೂತ್ಕೊಳ್ರೋ!" ಎಂದು ಕಿರುಚಿದೆ. ಬ್ಲಾಗಿನ ಕೆಳಗೆ ಇದನ್ನೆಲ್ಲ ಬರೆದು ಹಾಕಿದೆ. ಸಂಜೆಗೇ ಉತ್ತರ ಬಂತು. ಕೈ ಎತ್ತಿದವರಿಗೆ ಕೊಡಬೇಡಿ, ಎತ್ತದವರ ಡೆಸ್ಕಿನ ಮೇಲೆ ಮೆಲ್ಲಗೆ ಇಟ್ಟು ಬನ್ನಿ, ಆಮೇಲೆ ಕಾಯಿರಿ, ಕಾಯುವುದು ಮಕ್ಕಳಿಗಿಂತ ನಿಮಗೇ ಕಷ್ಟವಾಗುತ್ತದೆ ಎಂದು. ಇನ್ನೊಂದು ಶಾಲೆಯ ಟೀಚರೊಬ್ಬರು, ತಮ್ಮ ತರಗತಿಯಲ್ಲೂ ಮೊದಲ ದಿನ ಹೀಗೇ ರಂಪವಾಯಿತು, ಎದೆಗುಂದಬೇಡಿ ಎಂದು ಸೇರಿಸಿದ್ದರು. ಮುಖ ನೋಡದ ಇಬ್ಬರು ಬೆನ್ನು ತಟ್ಟಿದಂತಾಯಿತು.

ಎರಡನೆಯ ಸಲ ಒಂದು ಆಯತ ಬರೆದು ಎರಡು ಭಾಗ ಮಾಡಿ ಒಂದಕ್ಕೆ ಬಣ್ಣ ತುಂಬಿದೆ. ಅಷ್ಟೇ ದೊಡ್ಡ ಇನ್ನೊಂದನ್ನು ನಾಲ್ಕು ಭಾಗ ಮಾಡಿ ಎರಡಕ್ಕೆ ತುಂಬಿದೆ. ನಡುವೆ ಸಮ ಚಿಹ್ನೆ. ಮೂರನೆಯದನ್ನು ಎಂಟು ಭಾಗ ಮಾಡಿ ಖಾಲಿ ಬಿಟ್ಟು, ಚಾಕ್‌ಪೀಸನ್ನು ಕೊನೆಯ ಬೆಂಚಿನ ಆ ಹುಡುಗಿಯ ಮುಂದಿಟ್ಟು ಬಂದೆ. ಅವಳು ಅದನ್ನೇ ನೋಡುತ್ತಾ ಕೂತಳು. ನನಗೆ ನಾಲಿಗೆಯ ತುದಿಯವರೆಗೂ ಮಾತು ಬಂದು ನಿಂತಿತ್ತು. ತರಗತಿ ನಿಶ್ಶಬ್ದವಾಗಿದ್ದನ್ನು ಕಂಡು, ಟೀಚರೇ ಇಲ್ಲವೇನೋ ಎಂದು ದೊಡ್ಡ ಟೀಚರು ಬಾಗಿಲಿಗೆ ಬಂದು ನಿಂತರು. ಆಗಲೇ ಹುಡುಗಿ ಎದ್ದು ಬಂದಳು. ಮೂರಕ್ಕೆ ಬಣ್ಣ ತುಂಬಿದಳು. ನಾನು ಪ್ರಶ್ನೆ ಚಿಹ್ನೆ ಹಾಕಿದೆ. ಯಾರೂ ನಗಲಿಲ್ಲ. ಅವಳು ಎರಡನೆಯ ಆಯತವನ್ನೊಮ್ಮೆ ದಿಟ್ಟಿಸಿ ಇನ್ನೊಂದು ಮನೆ ತುಂಬಿದಳು. ನಗುಮುಖ ಬರೆದೆ, ಅವಳು ಹೋಗಿ ಕೂರಲಿಲ್ಲ. ತಾನೇ ಹೊಸದೊಂದು ಆಯತ ಬರೆದು ಐದು ಭಾಗ ಮಾಡಿಬಿಟ್ಟಳು! ಐದರಲ್ಲಿ ಅರ್ಧ ಎಲ್ಲಿಂದ ತರುತ್ತಾಳೆ? ಐದು ಮನೆಗಳನ್ನೂ ಬೆರಳಿಟ್ಟು ಎಣಿಸಿದವಳು, ಸಟಕ್ಕನೆ ಆಯತದ ನಡುವೆ ಅಡ್ಡಗೆರೆ ಎಳೆದಳು. ಐದು ಹತ್ತಾಯಿತು. ಮೇಲಿನ ಐದಕ್ಕೆ ಬಣ್ಣ ತುಂಬಿ ನನ್ನ ಕಡೆ ತಿರುಗಿದಳು. ನಿಯಮ ಮರೆತು ಇಡೀ ತರಗತಿ ಚಪ್ಪಾಳೆ ತಟ್ಟಿತು. ನನಗೆ ನಗುಮುಖ ಬರೆಯಲು ಬೋರ್ಡು ಸರಿಯಾಗಿ ಕಾಣಿಸುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಅವಳಾಗಿಯೇ ಬಂದು "ಐ... ಐದಕ್ಕೆ ಅರ್ಧ ಇ... ಇಲ್ಲ ಅಂದ್ಕೊಂಡಿದ್ದೆ ಟೀಚರ್, ಇದೆ" ಎಂದಳು. ಅವಳನ್ನು ಕೆಳಗಿನ ತರಗತಿಗೆ ಕಳಿಸುವ ಮಾತು ಅಂದೇ ನಿಂತಿತು. ಮೌಖಿಕ ಪರೀಕ್ಷೆಯನ್ನು ಇನ್ನು ಅವಳು ಬರೆದು ಕೊಡಬಹುದು.

ಆ ಬ್ಲಾಗ್ ಬರಹವನ್ನು ಪ್ರಿಂಟ್ ತೆಗೆದು ಸ್ಟಾಫ್ ರೂಮಿನಲ್ಲಿ ನೀರಿನ ಫಿಲ್ಟರಿನ ಮೇಲ್ಗಡೆ ಅಂಟಿಸಿದೆ, ಬಾಯಾರಿದವರೆಲ್ಲ ಓದಲಿ ಎಂದು. ವಿಜ್ಞಾನದ ಮೇಷ್ಟ್ರನ್ನು ಮಕ್ಕಳು ಗುಡುಗು ಸರ್ ಎನ್ನುತ್ತಾರೆ, ನೆನಪಿದೆಯಲ್ಲ? ಅವರು ಓದಿ "ಮಾತಾಡ್ದೆ ಪಾಠ ಮಾಡೋದಾದ್ರೆ ನಮ್ಗೆ ಸಂಬಳ ಯಾಕ್ರೀ ಕೊಡ್ತಾರೆ?" ಎಂದು ನಕ್ಕರು. ಮುಂದಿನ ವಾರ ಅವರೇ ಬಿಡಿ ಬಲ್ಬು, ವೈರು, ಸೆಲ್ಲುಗಳನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ನಿಂತರಂತೆ. ಮಕ್ಕಳು ತಾವೇ ಬಲ್ಬು ಉರಿಸಿದರು. ಈಗ ವಾರಕ್ಕೊಂದು ಬರಹ ಹುಡುಕಿ ತರುವವರು ಅವರೇ. ನಮಗೆ ಹೊಂದುವುದನ್ನು ಇಟ್ಟುಕೊಳ್ಳುತ್ತೇವೆ, ಹೊಂದದ್ದನ್ನು ಚರ್ಚೆ ಮಾಡಿ ಬಿಡುತ್ತೇವೆ. ನಾನೂ ಆ ಹುಡುಗಿಯ ಆಯತದ ಬಗ್ಗೆ ಒಂದು ಪುಟ ಬರೆದೆ, ಆ ಮೇಷ್ಟ್ರು ತಮ್ಮ ಬ್ಲಾಗಿನಲ್ಲೇ ಹಾಕಿದರು.

ಅಣ್ಣ ಅತ್ತಿಗೆಗೆ ನನ್ನ ನಮಸ್ಕಾರಗಳು, ಅವರ ಪುಟ್ಟನಿಗೆ ಎರಡೂ ಕೆನ್ನೆಗೆ ಮುತ್ತು. ನಿನ್ನ ಕೈ ಸದಾ ನನ್ನ ತಲೆಯ ಮೇಲಿರಲಿ.

ನಿನ್ನ ಬಾಯಿಬಡುಕಿ ಮಗಳು

ತಾ.ಕ.: ಕಾಗದ ಅಂಚೆ ಡಬ್ಬಕ್ಕೆ ಹಾಕಲು ಇವರು ಹೊರಟು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಒಂದನೇ ತರಗತಿಯ ಟೀಚರು ಹೆರಿಗೆ ರಜೆಗೆ ಹೋಗುತ್ತಿದ್ದಾರೆ. ಗುರುವಾರ ದೊಡ್ಡ ಟೀಚರು ನನ್ನನ್ನು ಕರೆದು, "ನಿಮ್ಮಮ್ಮ ದಿನಕ್ಕೆ ಒಂದು ಪಾಠ ತಗೋತಾರಾ?" ಎಂದರು. ಅಮ್ಮನಿಗೆ ಧ್ವನಿಯಿಲ್ಲ ಎಂದೆ. "ಬಾಗಿಲಲ್ಲಿ ನಿಂತು ನೋಡಿದ್ದೀನಲ್ಲಮ್ಮಾ, ಗೊತ್ತಿದ್ದೇ ಕೇಳ್ತಿದೀನಿ" ಎಂದರು. ಮಿಕ್ಕ ಪಾಠಗಳನ್ನು ಇನ್ನೊಬ್ಬ ಟೀಚರು ನೋಡಿಕೊಳ್ಳುತ್ತಾರೆ. ನಿನ್ನನ್ನು ಕೇಳದೆಯೇ ಹೂಂ ಅಂದುಬಿಟ್ಟಿದ್ದೇನೆ. ಬೈಯುವುದಿದ್ದರೆ ಬಂದೇ ಬೈ.