ಒಂಬತ್ತನೆಯ ಸೆಕೆಂಡ್

ಮಾರ್ಚ್ 4, ಬೆಳಿಗ್ಗೆ 10

ಇವತ್ತೂ ಮೂರು ಮಕ್ಕಳ ರಾತ್ರಿಯನ್ನು ಓದಬೇಕು. ನಿದ್ದೆಯಲ್ಲಿ ಉಸಿರು ಅಳೆಯಲು ನಮ್ಮ ಆಸ್ಪತ್ರೆಯ ಲ್ಯಾಬಿನಿಂದ ಮನೆಗೆ ಕೊಟ್ಟು ಕಳಿಸಿದ್ದ ಮೆಷಿನ್‌ಗಳು ವಾಪಸ್ ಬಂದಿವೆ — ಎದೆಗೆ ಬೆಲ್ಟ್, ಬೆರಳಿಗೆ ಕ್ಲಿಪ್, ಒಂದು ಪುಟ್ಟ ಮೈಕ್. ಮನೆಯಲ್ಲೇ ಅಳೆಯೋಣ ಎಂದು ಡಾಕ್ಟರ ತಲೆ ತಿಂದವನು ನಾನೇ. ನಿದ್ದೆ ಮಾಡುವುದಕ್ಕೂ ಬಡವರ ಮಗು ಲ್ಯಾಬಿನ ಮುಂದೆ ಕ್ಯೂ ನಿಲ್ಲಬೇಕೆ? ಹಂಚಲು ನಾನೇ ಬರೆದ ಕರಪತ್ರದಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಎಳೆದಿಟ್ಟಿದ್ದೇನೆ: ಉಸಿರು ಭಿಕ್ಷೆಯಲ್ಲ, ಹಕ್ಕು.

ಮೂರನೆಯದು ಪುಟ್ಟಿ. ಐದು ವರ್ಷ. ಜೋರು ಗೊರಕೆ, ಹಗಲೆಲ್ಲ ತೂಕಡಿಕೆ. ರಾತ್ರಿ ನಲವತ್ತೊಂದು ಸಲ ಉಸಿರು ನಿಂತಿದೆ. ನಲವತ್ತೊಂದು ಸಲವೂ ಒಂಬತ್ತನೆಯ ಸೆಕೆಂಡಿಗೆ ಮರಳಿದೆ. ಎಂಟಲ್ಲ, ಹತ್ತಲ್ಲ.

ಮೆಷಿನ್ ಕೆಟ್ಟಿರಬೇಕು.

ಮಾರ್ಚ್ 6

ಕೆಟ್ಟಿಲ್ಲ. ಬೇರೆ ಮೆಷಿನ್, ಅದೇ ಒಂಬತ್ತು.

"ರಕ್ತದಲ್ಲಿ ಆಕ್ಸಿಜನ್ ಇಳಿದೇ ಇಲ್ವಲ್ಲ ಕ್ರಾಂತಿ," ಅಂದರು ಡಾಕ್ಟರ್. ಅದು ಅವರು ನನಗಿಟ್ಟ ಹೆಸರು. "ರಾತ್ರಿಯಿಡೀ ಗಾಳಿ ಊದೋ ಮಾಸ್ಕ್ ಮೆಷಿನ್ ಹೇಗಪ್ಪಾ ಬರ್ಕೊಡ್ಲಿ? ಉಳಿದಿರೋದೇ ಒಂದು."

"ಇಷ್ಟು ಕರಾರುವಾಕ್ಕಾಗಿ ಯಾವ ಮಗು ಎಚ್ಚರ ಆಗುತ್ತೆ ಸಾರ್?"

"ಶಿಸ್ತಿನ ಮಗು. ನಿನಗಿಂತ ವಾಸಿ."

ಶುಕ್ರವಾರದವರೆಗೆ ಟೈಮ್ ಕೊಟ್ಟಿದ್ದಾರೆ. ಸಾಕ್ಷಿ ತರದಿದ್ದರೆ ಆ ಮಾಸ್ಕ್ ಮೆಷಿನ್ ಬೇರೆ ಮಗುವಿಗೆ.

ಸಂಜೆ 5

ಹೆಡ್‌ಫೋನ್ ಹಾಕಿಕೊಂಡು ಮೈಕ್ ಕೇಳಿದೆ. ಗೊರಕೆ. ಮೌನ. ಆಮೇಲೆ ಬಟ್ಟೆ ಸರಿದ ಸದ್ದು... ಆಮೇಲೆ ಉಸಿರು. ಪ್ರತಿ ಸಲವೂ ಉಸಿರಿಗಿಂತ ಮೊದಲು ಆ ಸದ್ದು.

ಯಾರೋ ಎಣಿಸುತ್ತಿದ್ದಾರೆ.

ಮಾರ್ಚ್ 7

ಪುಟ್ಟಿಯ ಅಮ್ಮ ಇಬ್ಬರು ಮಕ್ಕಳನ್ನೂ ಕರೆತಂದಿದ್ದರು. ಪುಟ್ಟಿ, ಮತ್ತು ಅವಳ ಎಂಟು ವರ್ಷದ ಅಕ್ಕ.

"ಪಕ್ಕದಲ್ಲಿ ಇವಳೇ ಮಲಗೋದು. ಮಲಗಿದ್ರೆ ಕೊರಡು ಕಣಪ್ಪ. ಮನೆ ಬಿದ್ರೂ ಏಳಲ್ಲ," ಅಂದರು ಅಮ್ಮ ಅಕ್ಕನನ್ನು ತೋರಿಸಿ.

"ರಾತ್ರಿ ತಂಗೀನ ಎಬ್ಬಿಸ್ತೀಯಾ?" ಅಕ್ಕನನ್ನು ಕೇಳಿದೆ.

"ನಾನ್ಯಾಕೆ ಎಬ್ಬಿಸ್ಲಿ? ಎದ್ರೆ ನನ್ ದಿಂಬು ಕಿತ್ಕೋತಾಳೆ."

ಸುಳ್ಳು ಹೇಳುವ ಮುಖವಲ್ಲ.

ಪುಟ್ಟಿಯ ಎಡಕಿವಿ ನೋಡಿದೆ. ಹಾಲೆಯ ತುಂಬ ಉಗುರಿನ ಗುರುತು, ಒಂದರ ಮೇಲೊಂದು. ಅಮ್ಮನೂ ನೋಡಿದರು. ಕೂದಲೆಳೆದು ಕಿವಿ ಮುಚ್ಚಿದರು.

ಅಕ್ಕ ನಿದ್ದೆಯಲ್ಲೇ ಚಿವುಟುತ್ತಾಳೆ, ಪುಟ್ಟಿ ಉಸಿರೆಳೆಯುತ್ತಾಳೆ. ಅದಕ್ಕೇ ಆಕ್ಸಿಜನ್ ಇಳಿಯುವುದಿಲ್ಲ. ನಮ್ಮ ಲೆಕ್ಕವೇ ಸುಳ್ಳು.

"ಒಂದು ಮಧ್ಯಾಹ್ನ ಇಬ್ಬರನ್ನೂ ಬೇರೆ ಮಲಗಿಸಿ ಅಳೀತೀನಿ ಅಮ್ಮ."

"ಪುಟ್ಟಿ ಹುಟ್ಟಿದಾಗಿಂದ ಇಬ್ಬರೂ ಬೇರೆ ಮಲಗಿದ್ದೇ ಇಲ್ಲವಲ್ಲಪ್ಪ..."

ಮಾತು ಕೊಟ್ಟೆ. ಉಸಿರು ನಿಂತು ಮೂವತ್ತು ಸೆಕೆಂಡ್ ಆದರೆ ನಾನೇ ಎಬ್ಬಿಸುತ್ತೇನೆ. ನಿಜ ಗೊತ್ತಾಗದೆ ನ್ಯಾಯ ಸಿಗುವುದಿಲ್ಲ.

ಮಾರ್ಚ್ 8, ಮಧ್ಯಾಹ್ನ 2:40

ಲ್ಯಾಬ್. ಪರದೆ ಎಳೆದಿದೆ. ಪುಟ್ಟಿ ಮಲಗಿದಳು, ಮೈತುಂಬ ವೈರು. ಗಾಜಿನಾಚೆ ಬೆಂಚಿನ ಮೇಲೆ ಅಮ್ಮ. ಮಡಿಲಲ್ಲಿ ಅಕ್ಕನಿಗೂ ನಿದ್ದೆ. ಅಮ್ಮನ ಕಣ್ಣು ಪುಟ್ಟಿಯ ಮೇಲೇ.

2:52

ಪುಟ್ಟಿಯ ಉಸಿರು ನಿಂತಿತು. ಒಂಬತ್ತು — ಏನೂ ಇಲ್ಲ. ಹನ್ನೆರಡು. ಆಕ್ಸಿಜನ್ 93. ಹದಿನಾರು. 90. ಬೇಕಿದ್ದ ಸಾಕ್ಷಿ ಇದೇ.

ಇಪ್ಪತ್ತು. ಗಾಜಿನಾಚೆ ಅಕ್ಕನ ಕೈ ಮೇಲೆದ್ದಿದೆ. ಕಣ್ಣು ಮುಚ್ಚಿಯೇ ಇದೆ. ಎರಡು ಬೆರಳು ಗಾಳಿಯನ್ನು ಚಿವುಟುತ್ತಿವೆ.

ಇಪ್ಪತ್ತೈದು. 87. ಅಕ್ಕನ ಕೈ ಬಿತ್ತು. ಅಮ್ಮ ನೋಡಲಿಲ್ಲ.

ಅಕ್ಕನ ಎದೆಯೂ ಏಳುತ್ತಿಲ್ಲ. ಅವಳಿಗೆ ವೈರಿಲ್ಲ, ಬೆಲ್ಟಿಲ್ಲ, ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಯಾರನ್ನು ಮೊದಲು ಎಬ್ಬಿಸಲಿ...